ದೇವದೂತರಿಗೆ ಗುಂಡು ಹೊಡೆದವರು ಯಾರು?

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಫೋಕ್ ಎಂಬ ಪ್ರಾಂತವಿದೆ. ಲಂಡನ್ನಿನಿಂದ ಈಶಾನ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಬ್ಲೈದ್ ಎಂಬ ಸಣ್ಣ ನದಿ ಸಮುದ್ರವನ್ನು ಸೇರುವುದಕ್ಕೆ ಕೆಲವೇ ಮೈಲಿಗಳ ಮೊದಲು ಅಗಲವಾಗಿ ಹರಡಿಕೊಂಡು ಜೌಗುನೆಲವಾಗುತ್ತದೆ. ಉಬ್ಬರದ ಹೊತ್ತಿನಲ್ಲಿ ಅದು ದೊಡ್ಡ ಕೆರೆಯಂತೆ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಬರೀ ಕೆಸರು. ಈ ಜೌಗಿನ ಅಂಚಿನ ದಿಬ್ಬದ ಮೇಲೆ ಬ್ಲೈಬರಾ ಎಂಬ ಪುಟ್ಟ ಹಳ್ಳಿ. ಅಲ್ಲಿನ ಜನಸಂಖ್ಯೆ ಮುನ್ನೂರರ ಆಸುಪಾಸು. ಆದರೆ ಆ ಹಳ್ಳಿಯ ಚರ್ಚು ಒಂದು ನಗರಕ್ಕೆ ಸಾಕಾಗುವಷ್ಟು ದೊಡ್ಡದು. ಸುತ್ತಲಿನ ಜನ ಅದನ್ನು ‘ಜೌಗುನೆಲದ ಕೆಥೆಡ್ರಲ್’ ಎಂದೇ ಕರೆಯುತ್ತಾರೆ. ಅದರ ನಿಜವಾದ ಹೆಸರು ಹೋಲಿ ಟ್ರಿನಿಟಿ, ಅಂದರೆ ಪವಿತ್ರ ತ್ರಯೈಕ್ಯದ ಚರ್ಚು.

ಒಳಗೆ ಹೋದವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಓಕ್ ಮರದ ಉದ್ದನೆಯ ಮಾಡು, ಅದರ ಅಡ್ಡತೊಲೆಗಳ ನಡುವಿನಲ್ಲಿ ರೆಕ್ಕೆ ಬಿಚ್ಚಿದ ದೇವದೂತರು. ಜೋಡಿ ಜೋಡಿಯಾಗಿ, ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರು ಪೂರ್ವಕ್ಕೂ ಇನ್ನೊಬ್ಬರು ಪಶ್ಚಿಮಕ್ಕೂ ಮುಖ ಮಾಡಿದ್ದಾರೆ. ಐದು ಶತಮಾನಗಳಿಗೂ ಹಿಂದೆ ಹಚ್ಚಿದ ಕೆಂಪು, ಹಸಿರು ಬಣ್ಣಗಳ ಗುರುತು ಇನ್ನೂ ಉಳಿದಿದೆ. ಹತ್ತಿರದಿಂದ ನೋಡಿದವರಿಗೆ ಮಾತ್ರ ಇನ್ನೊಂದು ಸಂಗತಿ ಕಾಣುತ್ತದೆ. ಈ ದೇವದೂತರ ಮೈಯಲ್ಲಿ, ಸುತ್ತಲಿನ ಮರದಲ್ಲಿ ಸೀಸದ ಗುಂಡುಗಳು ಹೊಕ್ಕಿವೆ.

ಗುಂಡು ಹೊಡೆದವರು ಯಾರು? ಬಹುಕಾಲ ಇದಕ್ಕೆ ಊರಿನಲ್ಲಿ ಸಿದ್ಧವಾದ ಉತ್ತರವಿತ್ತು. 17ನೇ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ವಿಗ್ರಹಗಳನ್ನು ದ್ವೇಷಿಸುತ್ತಿದ್ದ ಪ್ಯೂರಿಟನ್ ಸೈನಿಕರು ಒಳಗೆ ನುಗ್ಗಿ, ಕೈಗೆಟುಕದ ದೇವದೂತರನ್ನು ಬಂದೂಕಿನಿಂದ ಹೊಡೆದರು ಎಂಬುದು ಆ ಉತ್ತರ. ಕಂಬಗಳಿಗೆ ತಮ್ಮ ಕುದುರೆಗಳನ್ನು ಕಟ್ಟಿದರು ಎಂಬ ಕಥೆಯೂ ಜೊತೆಗಿತ್ತು. ಕಥೆ ನಂಬುವಂತಿದೆ. ಆದರೆ ಈ ಚರ್ಚಿನ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಬೇರೆಯದೇ ಉತ್ತರ ಸಿಗುತ್ತದೆ.

ಹಳ್ಳಿಯಲ್ಲ, ಬಂದರು

ಮುನ್ನೂರು ಜನರಿಗೆ ಇಷ್ಟು ದೊಡ್ಡ ಚರ್ಚು ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಚರ್ಚು ಕಟ್ಟಿದಾಗ ಬ್ಲೈಬರಾ ಇಂಥ ಹಳ್ಳಿಯಾಗಿರಲಿಲ್ಲ. ನದಿಯಲ್ಲಿ ಹಡಗುಗಳು ಬರುತ್ತಿದ್ದವು. ಸಂತೆ, ಜಾತ್ರೆಗಳು ನಡೆಯುತ್ತಿದ್ದವು. ಸಮುದ್ರದಿಂದ ಹೆರಿಂಗ್ ಮೀನು ಬರುತ್ತಿತ್ತು. ಒಳನಾಡಿನಿಂದ ಉಣ್ಣೆ, ಬಟ್ಟೆ. ವಿಜಯಿ ವಿಲಿಯಂ 1086ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಭೂದಾಖಲೆಯಲ್ಲಿ ಬ್ಲೈಬರಾ ಸ್ವತಃ ಅರಸನಿಗೆ ಸೇರಿದ ಊರೆಂದು ನಮೂದಾಗಿದೆ. ಅದಕ್ಕೂ ಹಿಂದೆ, 7ನೇ ಶತಮಾನದ ನಡುವಿನಲ್ಲಿ, ಮರ್ಸಿಯಾದ ಪೆಂಡನೊಡನೆ ಯುದ್ಧದಲ್ಲಿ ಮಡಿದ ಪೂರ್ವ ಆಂಗ್ಲಿಯಾದ ಕ್ರೈಸ್ತ ದೊರೆ ಅನ್ನನನ್ನು ಇಲ್ಲೇ ಹೂಳಿದರೆಂದು 12ನೇ ಶತಮಾನದ ಗ್ರಂಥವೊಂದು ಹೇಳುತ್ತದೆ. (ಹೆಸರು ಹೆಣ್ಣಿನದಂತೆ ಕೇಳಿಸಿದರೂ ಅನ್ನ ಗಂಡಸು.)

12ನೇ ಶತಮಾನದ ಆರಂಭದಲ್ಲಿ ಇಲ್ಲಿ ಅಗಸ್ಟೀನಿಯನ್ ಸಂನ್ಯಾಸಿಗಳ ಸಣ್ಣ ಮಠವೊಂದು ನೆಲೆಯಾಯಿತು. ಊರ ಚರ್ಚಿನ ಆದಾಯ ಈ ಮಠಕ್ಕೆ ಸೇರಿತು. 1412ರಲ್ಲಿ ನಾಲ್ಕನೆಯ ಹೆನ್ರಿ ಹೊಸ ಚರ್ಚನ್ನು ಕಟ್ಟಲು ಅನುಮತಿ ಕೊಟ್ಟ. ಹಳೆಯ ಚರ್ಚಿನ ಗೋಪುರವೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ 15ನೇ ಶತಮಾನದುದ್ದಕ್ಕೂ ಹೊಸದಾಗಿ ಕಟ್ಟಲಾಯಿತು. ಊರಿನವರು ಸಾಯುವಾಗ ಬರೆದ ಉಯಿಲುಗಳಲ್ಲಿ ಈ ಕೆಲಸಕ್ಕೆಂದು ಹಣ ಬಿಟ್ಟಿದ್ದಾರೆ. ಸತ್ತ ಮೇಲೆ ತಮ್ಮ ಆತ್ಮಕ್ಕಾಗಿ ಊರವರು ಪ್ರಾರ್ಥಿಸಲಿ ಎಂಬುದು ಅವರ ಆಸೆ. ಕಟ್ಟಡ ಎದ್ದದ್ದು ಹೀಗೆ, ಸತ್ತವರ ಹಣದಿಂದ, ಬದುಕಿದ್ದವರ ದುಡಿಮೆಯಿಂದ.

ಅಂದಿನ ಇಂಗ್ಲೆಂಡಿನಲ್ಲಿ ‘ಪ್ಯಾರಿಷ್’ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು ಅಥವಾ ಊರುಗಳ ಗುಂಪು. ಆ ಎಲ್ಲೆಯೊಳಗೆ ಹುಟ್ಟಿದ ಪ್ರತಿಯೊಬ್ಬನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಎಲ್ಲವೂ ಅದೇ ಚರ್ಚಿನಲ್ಲಿ. ಬೆಳೆದ ಬೆಳೆಯ ಹತ್ತನೇ ಒಂದು ಪಾಲು ಚರ್ಚಿಗೆ ಸಲ್ಲಬೇಕಿತ್ತು. ಕಟ್ಟಡವನ್ನು ನೋಡಿಕೊಳ್ಳುವ ಹೊಣೆಯನ್ನೂ ನಿಯಮದಂತೆ ಎರಡು ಪಾಲು ಮಾಡಲಾಗಿತ್ತು. ಜನ ಸೇರುವ ಪಶ್ಚಿಮದ ದೊಡ್ಡ ಅಂಗಣ, ಅಂದರೆ ‘ನೇವ್’, ಊರವರದು. ಬಲಿಪೀಠವಿರುವ ಪೂರ್ವದ ಭಾಗ, ಅಂದರೆ ‘ಚಾನ್ಸೆಲ್’, ಹತ್ತನೇ ಪಾಲನ್ನು ಪಡೆಯುವವರದು. ಬ್ಲೈಬರಾದಲ್ಲಿ ಅದನ್ನು ಪಡೆಯುತ್ತಿದ್ದುದು ಮಠ. ಈ ಹೊಣೆಗಾರಿಕೆಯ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಕಲ್ಲಿಲ್ಲದ ನಾಡಿನ ಕಟ್ಟಡ

ಸಫೋಕಿನಲ್ಲಿ ಕಟ್ಟಡಕ್ಕೆ ಯೋಗ್ಯವಾದ ಕಲ್ಲು ಇಲ್ಲವೆಂದೇ ಹೇಳಬೇಕು. ಅಲ್ಲಿ ಸಿಗುವುದು ಫ್ಲಿಂಟ್ ಎಂಬ ಗಡುಸಾದ ಗುಂಡುಗಲ್ಲು, ನಮ್ಮಲ್ಲಿ ಚಕಮಕಿ ಕಲ್ಲು ಎನ್ನುತ್ತೇವಲ್ಲ, ಅದು. ಅದನ್ನು ಒಡೆದಾಗ ಒಳಗೆ ಗಾಜಿನಂತೆ ಹೊಳೆಯುವ ಕಪ್ಪು ಮೈ ಕಾಣುತ್ತದೆ. ಅಲ್ಲಿನ ಗಾರೆಯವರು ದೂರದಿಂದ ತರಿಸಿದ ಬಿಳಿಗಲ್ಲನ್ನು ಚೌಕಟ್ಟಾಗಿ ಕೊರೆದು, ಅದರ ನಡುವೆ ಒಡೆದ ಫ್ಲಿಂಟನ್ನು ಮಟ್ಟಸವಾಗಿ ಕೂರಿಸಿ ಕಪ್ಪು-ಬಿಳುಪಿನ ಚಿತ್ತಾರ ಬಿಡಿಸುವ ಕಲೆಯನ್ನು ಬೆಳೆಸಿದರು. ಬ್ಲೈಬರಾದ ಪೂರ್ವದ ಗೋಡೆಯಲ್ಲಿ, ದೊಡ್ಡ ಕಿಟಕಿಯ ಕೆಳಗೆ, ಇದೇ ರೀತಿಯಲ್ಲಿ ಕೆತ್ತಿದ ಅಕ್ಷರಗಳ ಸಾಲೊಂದಿದೆ. ಲ್ಯಾಟಿನ್ ಪದಗಳ ಮೊದಲಕ್ಷರಗಳೆಂದು ವಿದ್ವಾಂಸರು ಅವನ್ನು ಓದುತ್ತಾರೆ.

ಈ ಕಟ್ಟಡದ ಶೈಲಿಗೆ ಇಂಗ್ಲಿಷರು ‘ಪರ್ಪೆಂಡಿಕ್ಯುಲರ್’ ಎನ್ನುತ್ತಾರೆ. ನೆಟ್ಟನೆಯ ಗೆರೆಗಳು, ತೆಳುವಾದ ಕಂಬಗಳು, ಅಗಲವಾದ ಕಿಟಕಿಗಳು ಇದರ ಲಕ್ಷಣ. ಗೋಡೆ ಎಷ್ಟು ಕಡಿಮೆಯೋ ಬೆಳಕು ಅಷ್ಟು ಹೆಚ್ಚು. ಬ್ಲೈಬರಾದಲ್ಲಿ ಕೆಳಗಿನ ಸಾಲಿನ ದೊಡ್ಡ ಕಿಟಕಿಗಳಲ್ಲದೆ, ಮೇಲೆ ಮಾಡಿನ ಕೆಳಗೆ ಎರಡೂ ಕಡೆ 18ರಂತೆ ಕಿಟಕಿಗಳ ಇನ್ನೊಂದು ಸಾಲಿದೆ. ಇತರ ಚರ್ಚುಗಳಲ್ಲಿ ಜನರ ಅಂಗಣಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ಕಲ್ಲಿನ ಕಮಾನು ಇರುವುದುಂಟು. ಇಲ್ಲಿ ಅದೂ ಇಲ್ಲ. ಪಶ್ಚಿಮದಿಂದ ಪೂರ್ವದ ತುದಿಯವರೆಗೆ ಮಾಡು ಒಂದೇ ಸಮನೆ ಓಡುತ್ತದೆ. ಇಂದು ಒಳಗೆ ತುಂಬಿರುವ ಬಿಳಿ ಬೆಳಕು ಮಾತ್ರ ಕಟ್ಟಿದವರು ಕಂಡದ್ದಲ್ಲ. ಅಂದು ಆ ಕಿಟಕಿಗಳಲ್ಲೆಲ್ಲ ಸಂತರ ಚಿತ್ರಗಳಿದ್ದ ಬಣ್ಣದ ಗಾಜುಗಳಿದ್ದವು. ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು ಚೂರು.

ಮರದ ಕೆಲಸದಲ್ಲಿ ಮಾಡಿನಷ್ಟೇ ಹೆಸರಾದದ್ದು ಬೆಂಚುಗಳ ತುದಿಯ ಕೆತ್ತನೆ. ಕ್ರೈಸ್ತ ಸಂಪ್ರದಾಯ ಏಳು ಮಹಾಪಾಪಗಳನ್ನು ಹೇಳುತ್ತದೆ. ಅವು ಇಲ್ಲಿ ಸಣ್ಣ ಸಣ್ಣ ಗೊಂಬೆಗಳಾಗಿ ಕುಳಿತಿವೆ. ಸೋಮಾರಿತನ ಹಾಸಿಗೆಯಿಂದ ಇನ್ನೂ ಎದ್ದಿಲ್ಲ. ಹೊಟ್ಟೆಬಾಕತನ ತನ್ನ ದೊಡ್ಡ ಹೊಟ್ಟೆಯನ್ನು ಹಿಡಿದುಕೊಂಡಿದೆ. ಜಿಪುಣತನ ಹಣದ ಪೆಟ್ಟಿಗೆಯ ಮೇಲೆ ಕುಳಿತಿದೆ. ಚಾಡಿ ನಾಲಗೆ ಚಾಚಿದೆ. ಇವುಗಳ ಜೊತೆಗೆ ಬಿತ್ತನೆ, ಕೊಯ್ಲು ಮುಂತಾದ ಋತುಗಳ ಕೆಲಸಗಳೂ ಇವೆ. ಓದು ಬಾರದ ರೈತ ಪ್ರತಿ ಭಾನುವಾರ ನೋಡುತ್ತಿದ್ದ ಪಾಠಪುಸ್ತಕ ಇದು. ಅದರಲ್ಲಿ ಅವನ ಹೊಲವೂ ಇತ್ತು, ಅವನ ನೆರೆಹೊರೆಯವರೂ ಇದ್ದರು.

ಮಠ ಹೋಯಿತು, ಶಿಖರ ಬಿತ್ತು

ಹೊಸ ಚರ್ಚು ಮುಗಿದು ಒಂದು ತಲೆಮಾರು ಕಳೆಯುವುದರೊಳಗೆ ಅದನ್ನು ಹೊತ್ತಿದ್ದ ವ್ಯವಸ್ಥೆ ಕುಸಿಯಿತು. ಎಂಟನೆಯ ಹೆನ್ರಿ ರೋಮಿನ ಪೋಪರೊಡನೆ ಸಂಬಂಧ ಕಡಿದುಕೊಂಡು ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ಬ್ಲೈಬರಾದ ಮಠ 1537ರಲ್ಲಿ ಮುಚ್ಚಿತು. ಅದರ ಆಸ್ತಿ ಸ್ಥಳೀಯ ಜಮೀನುದಾರರಾದ ಹಾಪ್ಟನ್ ಮನೆತನಕ್ಕೆ ಹೋಯಿತು. ಈ ಮನೆತನದ ಹಿರಿಯ, 1478ರಲ್ಲಿ ತೀರಿಕೊಂಡ ಜಾನ್ ಹಾಪ್ಟನ್ನನ ಸಮಾಧಿ ಚರ್ಚಿನಲ್ಲಿಯೇ ಇದೆ. ಅದರ ಮೇಲಿದ್ದ ಹಿತ್ತಾಳೆಯ ಫಲಕಗಳು ಕಿತ್ತುಹೋಗಿ ಕಲ್ಲಿನಲ್ಲಿ ಅವುಗಳ ಗುರುತು ಮಾತ್ರ ಉಳಿದಿದೆ.

ಮುಂದೆ ಆರನೆಯ ಎಡ್ವರ್ಡನ ಕಾಲದಲ್ಲಿ ವಿಗ್ರಹಗಳನ್ನು ತೆಗೆಸುವ, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿಸುವ ಆಜ್ಞೆಗಳು ಹೊರಟವು. ಸತ್ತವರಿಗಾಗಿ ಪ್ರಾರ್ಥಿಸುವುದು ಮೂಢನಂಬಿಕೆ ಎನಿಸಿಕೊಂಡಿತು. ಇದರ ಪರಿಣಾಮವನ್ನು ಧರ್ಮದ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು. ಉಯಿಲಿನಲ್ಲಿ ಚರ್ಚಿಗೆ ಹಣ ಬಿಡಲು ಜನರಿಗಿದ್ದ ಮುಖ್ಯ ಕಾರಣವೇ ಹೋಯಿತು. ಕಟ್ಟಡ ಅಷ್ಟೇ ದೊಡ್ಡದಾಗಿ ಉಳಿಯಿತು. ಅದಕ್ಕೆ ಹಣ ಬರುವ ದಾರಿಗಳು ಕಿರಿದಾದವು.

ಅದೇ ಶತಮಾನದಲ್ಲಿ ಪ್ರಕೃತಿಯೂ ಮುನಿಯಿತು. 1577ರ ಆಗಸ್ಟ್ 4, ಭಾನುವಾರ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಭಯಂಕರ ಗುಡುಗು-ಸಿಡಿಲು. ಗೋಪುರದ ಮೇಲಿದ್ದ ಶಿಖರ ಮುರಿದು ಮಾಡಿನ ಮೂಲಕ ಒಳಗೆ ಬಿತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಇನ್ನು ಕೆಲವರಿಗೆ ಸುಟ್ಟ ಗಾಯಗಳಾದವು. ಅದೇ ದಿನ ಹತ್ತಿರದ ಬಂಗೇ ಊರಿನ ಚರ್ಚಿಗೂ ಸಿಡಿಲು ಬಡಿಯಿತು. ಲಂಡನ್ನಿನಲ್ಲಿದ್ದ ಏಬ್ರಹಾಂ ಫ್ಲೆಮಿಂಗ್ ಎಂಬ ಲೇಖಕ ಕೂಡಲೇ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಸಿಡಿಲಿನೊಡನೆ ಕರಿನಾಯಿಯ ರೂಪದಲ್ಲಿ ಸೈತಾನನೇ ಬಂದಿದ್ದನೆಂದು ಅದರಲ್ಲಿ ಬರೆದ. ಕರಿನಾಯಿಯ ಕಥೆ ಇಂದಿಗೂ ಆ ಸೀಮೆಯಲ್ಲಿ ಜೀವಂತವಾಗಿದೆ. ಚರ್ಚಿನ ಉತ್ತರದ ಬಾಗಿಲಲ್ಲಿ ಬೆರಳು ಒತ್ತಿದಂತಿರುವ ಸುಟ್ಟ ಗುರುತುಗಳಿವೆ. ಅವು ಆ ನಾಯಿಯ ಉಗುರಿನ ಗುರುತುಗಳೆಂದು ಪ್ರವಾಸಿಗರಿಗೆ ತೋರಿಸುತ್ತಾರೆ. ಆದರೆ ಇಂಥ ಗುರುತುಗಳು ಇಂಗ್ಲೆಂಡಿನ ಎಷ್ಟೋ ಹಳೆಯ ಕಟ್ಟಡಗಳ ಮರಗೆಲಸದಲ್ಲಿವೆ. ಬೆಂಕಿ, ಸಿಡಿಲು, ಕೆಡುಕುಗಳಿಂದ ರಕ್ಷಣೆ ಸಿಗಲೆಂದು ಜನರೇ ಮೇಣದ ಬತ್ತಿ ಹಿಡಿದು ಬೇಕೆಂದೇ ಮಾಡಿದ ಗುರುತುಗಳಿವು ಎಂದು ಈಚಿನ ಸಂಶೋಧಕರು ಹೇಳುತ್ತಾರೆ. ಸೈತಾನನ ಉಗುರು ಎಂದುಕೊಂಡದ್ದು, ಹೆದರಿದ ಮನುಷ್ಯನ ಕೈಗುರುತು ಇರಬಹುದು.

ಮುರಿದ ಶಿಖರವನ್ನು ಮತ್ತೆ ಕಟ್ಟಲೇ ಇಲ್ಲ. ಗೋಪುರ ಇಂದಿಗೂ ಬೋಳಾಗಿಯೇ ನಿಂತಿದೆ.

ಡೌಸಿಂಗನ ದಿನಚರಿ

ಇನ್ನು ಪ್ಯೂರಿಟನ್ನರ ವಿಷಯ. ಅರಸ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದಾಗ, 1643ರಲ್ಲಿ, ಚರ್ಚುಗಳಲ್ಲಿ ಉಳಿದಿದ್ದ ‘ಮೂಢನಂಬಿಕೆಯ’ ವಸ್ತುಗಳನ್ನೆಲ್ಲ ನಾಶಪಡಿಸಬೇಕೆಂದು ಪಾರ್ಲಿಮೆಂಟು ಕಟ್ಟಳೆ ಹೊರಡಿಸಿತು. ಪೂರ್ವ ಪ್ರಾಂತಗಳಲ್ಲಿ ಇದನ್ನು ಜಾರಿಗೆ ತರಲು ನೇಮಕಗೊಂಡವನು ಸಫೋಕಿನವನೇ ಆದ ವಿಲಿಯಂ ಡೌಸಿಂಗ್ ಎಂಬ ರೈತ. ಅವನು ಬ್ಲೈಬರಾಕ್ಕೆ ಹೆಚ್ಚು ದೂರವಲ್ಲದ ಲ್ಯಾಕ್ಸ್‌ಫೀಲ್ಡ್ ಊರಿನಲ್ಲಿ ಹುಟ್ಟಿದವನು. ಕೇಂಬ್ರಿಜ್ ಮತ್ತು ಸಫೋಕ್ ಪ್ರಾಂತಗಳಲ್ಲಿ ಅವನು ಭೇಟಿ ಕೊಟ್ಟ ಚರ್ಚುಗಳ ಸಂಖ್ಯೆ ಸುಮಾರು 250. ಮಾಡಿದ ಕೆಲಸಕ್ಕೆ ಚರ್ಚಿನವರಿಂದಲೇ ಆರು ಶಿಲ್ಲಿಂಗ್ ಎಂಟು ಪೆನ್ಸ್ ಶುಲ್ಕ ವಸೂಲು ಮಾಡುತ್ತಿದ್ದ. ಎಲ್ಲಿ ಏನನ್ನು ಒಡೆದೆ ಎಂಬುದನ್ನು ದಿನಚರಿಯಲ್ಲಿ ಲೆಕ್ಕ ಬರೆದಿಡುತ್ತಿದ್ದ. ಇಷ್ಟು ಪ್ರಾಮಾಣಿಕವಾಗಿ ತನ್ನ ಕೆಲಸದ ದಾಖಲೆ ಬಿಟ್ಟುಹೋದ ವಿಗ್ರಹಭಂಜಕ ಅಪರೂಪ.

ಅವನು ಬ್ಲೈಬರಾಕ್ಕೆ ಬಂದದ್ದು 1644ರ ಏಪ್ರಿಲ್‌ನಲ್ಲಿ. ಅಂದು ಇಪ್ಪತ್ತು ಚಿತ್ರಗಳು ಅವನ ಕಣ್ಣಿಗೆ ಬಿದ್ದವು. ಸತ್ತವರಿಗಾಗಿ ಪ್ರಾರ್ಥಿಸಿ ಎಂದು ಕೋರುವ ಮೂರು ಶಾಸನಗಳನ್ನು ಅವನೇ ಒಡೆದ. ಇಪ್ಪತ್ತು ದೇವದೂತರನ್ನು ಕೆಳಗಿಳಿಸಬೇಕೆಂದೂ, ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಎಂಟು ದಿನಗಳೊಳಗೆ ತೆಗೆಯಬೇಕೆಂದೂ ಅಪ್ಪಣೆ ಮಾಡಿದ. ಬಣ್ಣದ ಗಾಜು ಹಾಳಾದುದರಲ್ಲಿ ಅವನ ಪಾಲು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಗುಂಡು ಹಾರಿಸಿದ ಮಾತು ದಿನಚರಿಯಲ್ಲಿಲ್ಲ. ಮಾಡಿನ ದೇವದೂತರನ್ನು ಇಳಿಸಬೇಕೆಂಬ ಅಪ್ಪಣೆ ಪೂರ್ತಿ ಜಾರಿಯಾಗಲಿಲ್ಲ ಎಂಬುದಕ್ಕೆ ಅಲ್ಲಿ ಇಂದಿಗೂ ಇರುವ ದೇವದೂತರೇ ಸಾಕ್ಷಿ. ಡೌಸಿಂಗ್ ಕುದುರೆಯೇರಿ ಮುಂದಿನ ಊರಿಗೆ ಹೊರಟುಹೋದ. ಅಷ್ಟು ಎತ್ತರಕ್ಕೆ ಏಣಿ ಹಾಕಿ, ತಮ್ಮ ತಾತಂದಿರು ಕಟ್ಟಿದ ಮಾಡನ್ನು ಕೀಳುವ ಕೆಲಸ ಊರವರ ಪಾಲಿಗೆ ಉಳಿಯಿತು. ಅವರು ಅದನ್ನು ಮಾಡಲಿಲ್ಲ.

ಲೆಕ್ಕಪುಸ್ತಕದ ಸಾಕ್ಷಿ

ಹಾಗಾದರೆ ಗುಂಡುಗಳು? 1970ರ ದಶಕದಲ್ಲಿ ಮಾಡಿನ ದುರಸ್ತಿ ನಡೆದಾಗ ಮರದೊಳಗಿನ ಸೀಸವನ್ನು ಪರಿಶೀಲಿಸಲಾಯಿತು. ಅದು ಸೈನಿಕರ ಬಂದೂಕಿನ ದಪ್ಪ ಗುಂಡಾಗಿರಲಿಲ್ಲ. ಹಕ್ಕಿ ಹೊಡೆಯಲು ಬಳಸುವ ಸಣ್ಣ ಚರೆ, ಅದೂ 18ನೇ ಶತಮಾನದ ಬಗೆಯದು. ಚರ್ಚಿನ ಲೆಕ್ಕಪುಸ್ತಕ ಇದಕ್ಕೆ ಸರಿಹೊಂದುವ ಇನ್ನೊಂದು ಸಾಕ್ಷಿ ಕೊಟ್ಟಿತು. 1761ರಲ್ಲಿ ಚರ್ಚಿನೊಳಗೆ ಸೇರಿಕೊಂಡಿದ್ದ ಜ್ಯಾಕ್‌ಡಾ ಹಕ್ಕಿಗಳನ್ನು ಹೊಡೆಯಲು ಹಣ ಕೊಟ್ಟದ್ದು ಅದರಲ್ಲಿ ದಾಖಲಾಗಿದೆ.

ಜ್ಯಾಕ್‌ಡಾ ಎಂದರೆ ನಮ್ಮ ಕಾಗೆಯ ಕುಲಕ್ಕೆ ಸೇರಿದ ಹಕ್ಕಿ. ಗೋಪುರ, ಪೊಟರೆ, ಹಾಳು ಮಾಡುಗಳೆಂದರೆ ಅದಕ್ಕೆ ಬಲು ಇಷ್ಟ. ರಾಣಿ ಎಲಿಜಬೆತ್ತಳ ಕಾಲದಲ್ಲಿ, 1566ರಲ್ಲಿ ಬಂದ ಕಾಯಿದೆಯೊಂದು ಬೆಳೆ ಹಾಳುಮಾಡುವ ಹಕ್ಕಿ, ಪ್ರಾಣಿಗಳನ್ನು ಕೊಂದವರಿಗೆ ಪ್ಯಾರಿಷ್ ಲೆಕ್ಕದಿಂದ ಇನಾಮು ಕೊಡಲು ಅವಕಾಶ ಮಾಡಿತ್ತು. ಹೀಗಾಗಿ ಚರ್ಚಿನ ಲೆಕ್ಕದಲ್ಲಿ ಹಕ್ಕಿ ಹೊಡೆಸಿದ ಖರ್ಚು ಕಾಣಿಸಿಕೊಳ್ಳುವುದು ವಿಚಿತ್ರವೇನಲ್ಲ. ವಿಚಿತ್ರವೆಂದರೆ, ಹಕ್ಕಿಗಳು ಚರ್ಚಿನ ಒಳಗೇ ಮನೆ ಮಾಡಿದ್ದದ್ದು. ಕಿಟಕಿಯ ಗಾಜು ಒಡೆದಿರಬೇಕು, ಮಾಡು ತೆರೆದಿರಬೇಕು, ಅದನ್ನು ಸರಿಪಡಿಸಲು ಹಣವಿಲ್ಲದಿರಬೇಕು. ಆಗಲೇ ಹಕ್ಕಿಗಳು ಒಳಗೆ ಬರುತ್ತವೆ, ಆಗಲೇ ಅವನ್ನು ದೇವದೂತರ ರೆಕ್ಕೆಗಳ ನಡುವೆ ಹೊಡೆಯಬೇಕಾಗುತ್ತದೆ. ಗುಂಡು ಹಾರಿಸಿದವರು ಹೊರಗಿನಿಂದ ಬಂದ ಶತ್ರುಗಳಲ್ಲ. ಚರ್ಚನ್ನು ಕಾಯಬೇಕಾಗಿದ್ದವರೇ ಕೂಲಿ ಕೊಟ್ಟು ಹೊಡೆಸಿದ್ದು.

ಅವರನ್ನು ಹಳಿಯುವುದೂ ಸುಲಭವಲ್ಲ. ಅಷ್ಟರಲ್ಲಿ ಊರು ಬಡವಾಗಿತ್ತು. ನದಿಯಲ್ಲಿ ಹೂಳು ತುಂಬಿತು. ಹಡಗುಗಳು ದೊಡ್ಡವಾದವು, ಬ್ಲೈಬರಾದವರೆಗೆ ಬರಲಾರದೆ ಹೋದವು. 1676ರಲ್ಲಿ ಬಿದ್ದ ಬೆಂಕಿ ಊರಿನ ಬಹುಭಾಗವನ್ನು ಸುಟ್ಟಿತು. ಮನೆ ಕಳೆದುಕೊಂಡ ಎಷ್ಟೋ ಜನ ಮತ್ತೆ ಕಟ್ಟದೆ ಊರು ಬಿಟ್ಟರು. ಬಂದರಿನವರು ಕಟ್ಟಿದ ಚರ್ಚನ್ನು ಹಳ್ಳಿಯವರು ಹೊರಬೇಕಾಯಿತು. ಚಾನ್ಸೆಲ್ ಭಾಗವನ್ನು ನೋಡಿಕೊಳ್ಳುತ್ತಿದ್ದ ಮಠವಂತೂ ಎಂದೋ ಇಲ್ಲವಾಗಿತ್ತು.

ಕೊಡೆ ಹಿಡಿದು ಪ್ರಾರ್ಥನೆ

19ನೇ ಶತಮಾನದ ಹೊತ್ತಿಗೆ ಸ್ಥಿತಿ ಇನ್ನೂ ಹದಗೆಟ್ಟಿತು. ಅನೇಕ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದರು. ಮಳೆ ಬಂದರೆ ಜನ ಒಳಗೆ ಕೊಡೆ ಹಿಡಿದು ಕೂರುತ್ತಿದ್ದರಂತೆ. 1868ರಲ್ಲಿ ಬಂದ ಕಾಯಿದೆ, ಚರ್ಚಿನ ದುರಸ್ತಿಗೆಂದು ಊರವರ ಮೇಲೆ ಹಾಕುತ್ತಿದ್ದ ಕಡ್ಡಾಯ ತೆರಿಗೆಯನ್ನೂ ರದ್ದುಮಾಡಿತು. ಬೇರೆ ಪಂಥಕ್ಕೆ ಸೇರಿದವರಿಂದ ತೆರಿಗೆ ಕಸಿಯುವುದು ಅನ್ಯಾಯವೆಂಬ ದೃಷ್ಟಿಯಿಂದ ಅದು ನ್ಯಾಯವೇ ಆಗಿತ್ತು. ಆದರೆ ಹಳೆಯ ಕಟ್ಟಡಗಳು ಇನ್ನು ಮುಂದೆ ದಾನದಿಂದಲೇ ಬದುಕಬೇಕಾಯಿತು. 1881ರಲ್ಲಿ ಕಟ್ಟಡ ಅಪಾಯಕಾರಿಯಾಗಿದೆಯೆಂದು ಬಿಷಪ್ ಅದನ್ನು ಮುಚ್ಚಿಸಿದರು.

ಹಣ ಕೂಡಿಸಿ ದುರಸ್ತಿ ಮಾಡಲು ಹೊರಟಾಗ ಹೊಸ ಜಗಳ ಎದ್ದಿತು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ ಸಂಘವೊಂದನ್ನು ಕಟ್ಟಿದ್ದ. ಆ ಕಾಲದ ವಾಸ್ತುಶಿಲ್ಪಿಗಳು ‘ಜೀರ್ಣೋದ್ಧಾರ’ದ ಹೆಸರಿನಲ್ಲಿ ಹಳೆಯದನ್ನು ಕಿತ್ತು, ಹಳೆಯದರಂತೆ ಕಾಣುವ ಹೊಸದನ್ನು ಇಡುತ್ತಿದ್ದರು. ಹಾಗೆ ಮಾಡುವುದು ಕಟ್ಟಡವನ್ನು ಕೊಂದಂತೆ. ಇದ್ದುದನ್ನು ಇದ್ದಂತೆಯೇ ತೇಪೆ ಹಾಕಿ ನಿಲ್ಲಿಸಿ ಎಂಬುದು ಮಾರಿಸ್ ಬಳಗದ ವಾದ. ಊರವರಿಗೋ ಮಳೆ ಸೋರದ ಚರ್ಚು ಬೇಕಾಗಿತ್ತು. ಜಗಳ ವರ್ಷಗಟ್ಟಲೆ ನಡೆಯಿತು. 1884ರಲ್ಲಿ ಬಾಗಿಲು ತೆರೆಯಿತಾದರೂ ಕೆಲಸ ಹಣ ಸಿಕ್ಕಷ್ಟು ಸಿಕ್ಕಷ್ಟೇ, ದಶಕಗಳ ಕಾಲ ಸಾಗಿತು. ಹಾಗಾಗಿದ್ದೇ ಒಳ್ಳೆಯದಾಯಿತು. ಕೈತುಂಬ ಹಣವಿದ್ದ ಊರುಗಳಲ್ಲಿ ಎಷ್ಟೋ ಹಳೆಯ ಮಾಡುಗಳು ಹೋಗಿ ಹೊಸವು ಬಂದವು. ಬ್ಲೈಬರಾದ ದೇವದೂತರ ಮೈಮೇಲಿನ ಬಣ್ಣ ಉಳಿದದ್ದು, ಹೊಸ ಬಣ್ಣ ಬಳಿಯುವ ಶಕ್ತಿ ಯಾರಿಗೂ ಇಲ್ಲದ್ದರಿಂದ. ಯಾವ ಬಡತನ ಹಕ್ಕಿಗಳನ್ನು ಒಳಗೆ ಬಿಟ್ಟಿತೋ ಅದೇ ಬಡತನ ಮೂಲ ಕೆಲಸವನ್ನು ಕಾಪಾಡಿತು.

ಇಂದು ಆ ಚರ್ಚಿನಲ್ಲಿ ಪ್ರಾರ್ಥನೆ ಆರಂಭವಾಗುವುದನ್ನು ಸಾರುವವನು ಮರದ ಪುಟ್ಟ ಗೊಂಬೆ. ಕೈಯಲ್ಲಿನ ಆಯುಧದಿಂದ ಗಂಟೆ ಬಾರಿಸುವ ಈ ಗೊಂಬೆಯ ಮೇಲೆ 1682 ಎಂಬ ಇಸವಿ ಇದೆ. ಗಾಯಕರ ಪೀಠವೊಂದರಲ್ಲಿ, ಅಲ್ಲಿ ಶಾಲೆ ನಡೆಯುತ್ತಿದ್ದಾಗ ಒಬ್ಬ ಹುಡುಗ 1665ರಲ್ಲಿ ಕೆತ್ತಿದ ತನ್ನ ಹೆಸರಿದೆ: ಡಿರ್ಕ್ ಲೋವರ್ಸೆನ್, ಸ್ಟಾಕ್‌ಹೋಮಿನವನು. ಸಂಗೀತಗಾರ ಬೆಂಜಮಿನ್ ಬ್ರಿಟನ್ ಮತ್ತು ಗೆಳೆಯರು 1948ರಲ್ಲಿ ಆರಂಭಿಸಿದ ಆಲ್ಡ್‌ಬರಾ ಉತ್ಸವದ ಕಛೇರಿಗಳಿಗೂ ಈ ಚರ್ಚು ಆಶ್ರಯ ಕೊಟ್ಟಿದೆ. 1969ರಲ್ಲಿ ಉತ್ಸವದ ಸಭಾಂಗಣ ಬೆಂಕಿಗೆ ಆಹುತಿಯಾದಾಗ ಮೊಟ್ಸಾರ್ಟನ ‘ಇಡೊಮೆನಿಯೊ’ ಸಂಗೀತನಾಟಕ ನಡೆದದ್ದು ಇಲ್ಲಿಯೇ.

ಯಾವುದೇ ಹಳೆಯ ಕಟ್ಟಡದಲ್ಲಿ ಗಾಯ ಕಂಡರೆ ಕೂಡಲೇ ಒಬ್ಬ ವೈರಿಯ ಹೆಸರು ಹೇಳುವುದು ಎಲ್ಲ ದೇಶಗಳಲ್ಲೂ ಇರುವ ಅಭ್ಯಾಸ. ಇಂಗ್ಲೆಂಡಿನಲ್ಲಿ ಆ ಹೆಸರು ಸಾಮಾನ್ಯವಾಗಿ ಕ್ರಾಮ್‌ವೆಲ್ ಅಥವಾ ಡೌಸಿಂಗ್. ಡೌಸಿಂಗ್ ಮಾಡಿದ ಹಾನಿ ಚಿಕ್ಕದಲ್ಲ. ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ, ಅವನೇ ಬರೆದಿಟ್ಟಿದ್ದಾನೆ. ಆದರೆ ಮಾಡದ ತಪ್ಪನ್ನೂ ಅವನ ತಲೆಗೆ ಕಟ್ಟಿದರೆ ಒಂದು ನಷ್ಟವಿದೆ. ವೈರಿ ಬಂದು ಹೋದದ್ದು ಒಂದು ದಿನ. ಮಾಡು ಸೋರಿದ್ದು ಇನ್ನೂರು ವರ್ಷ. ಆ ಇನ್ನೂರು ವರ್ಷಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಬ್ಲೈಬರಾದ ದೇವದೂತರ ಮೈಯಲ್ಲಿರುವ ಸಣ್ಣ ಸೀಸದ ಚೂರುಗಳು ಆ ಲೆಕ್ಕವನ್ನು ಕೇಳುತ್ತಿವೆ.